ಹಿತ್ತಲಿಗೆ ಬಂದ ಚಿರತೆ

ಮುಲುಂಡ್ ಪಶ್ಚಿಮದ ನಮ್ಮ ಕಟ್ಟಡದ ಹಿಂದೆ ಬಸಳೆ ಚಪ್ಪರ, ನಾಲ್ಕು ಬುಡ ಕೆಸುವು. ಗೋಡೆಯಾಚೆ 104 ಚದರ ಕಿ.ಮೀ. ಹರಡಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ಒಂದು ಮುಂಜಾನೆ ಪತ್ರೊಡೆಗೆ ಎಲೆ ಕೊಯ್ಯಲು ಹೋದ ನನ್ನಾಕೆ ಹಸಿ ಮಣ್ಣಿನಲ್ಲಿ ಚಿರತೆಯ ಹೆಜ್ಜೆ ಕಂಡು ಬರಿಗೈಯಲ್ಲಿ ಮರಳಿದಳು. ಹಿಂದಿನ ರಾತ್ರಿಯೇ ಬೀದಿನಾಯಿಯೊಂದು ಕಾಣೆಯಾಗಿತ್ತು. ಸೊಸೈಟಿಯ ಸಭೆಯಲ್ಲಿ ಎಲ್ಲರೂ ಬೋನು ಇಡಿಸಿ ಎಂದರು. ನಾನೂ ಕೈ ಎತ್ತಿದೆ.

ಭಯ ಸುಳ್ಳಲ್ಲ. 2004ರಲ್ಲಿ ಈ ಉದ್ಯಾನದ ಸುತ್ತಮುತ್ತ ಚಿರತೆ ದಾಳಿಗೆ ಹಲವರು ಬಲಿಯಾದರು. ಆದರೆ ಒಂದನ್ನು ಹಿಡಿದು ಬೇರೆಡೆ ಬಿಟ್ಟರೆ ಅದು ಅಲ್ಲಿ ದಿಕ್ಕೆಡುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. 2011ರಲ್ಲಿ ಅರಣ್ಯ ಇಲಾಖೆ ನಾಗರಿಕರೊಡನೆ ಆರಂಭಿಸಿದ ‘ಮುಂಬಯಿಕರ್ಸ್ ಫಾರ್ ಎಸ್‌ಜಿಎನ್‌ಪಿ’ ಅಭಿಯಾನ ತಿಳಿಹೇಳಿದ್ದೂ ಇದನ್ನೇ. ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ.

ನಾವು ಬೋನಿನ ಮಾತು ಬಿಟ್ಟೆವು. ಗೋಡೆ ಬದಿಯ ಕಸ ತೆಗೆಸಿ ದೀಪ ಹಾಕಿಸಿದೆವು. ಮುಸ್ಸಂಜೆಯ ಬಳಿಕ ಮಕ್ಕಳನ್ನು ಒಂಟಿಯಾಗಿ ಬಿಡುವುದಿಲ್ಲ. ಚಿರತೆ ಕಂಡರೆ ಗುಂಪುಗೂಡದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಬೇಕು. ಚಿರತೆ ಈಗಲೂ ಬರುತ್ತಿರಬಹುದು. ನನ್ನಾಕೆ ಮಾತ್ರ ಕೆಸುವಿನ ಎಲೆ ಕೊಯ್ಯುವುದು ಬಿಸಿಲೇರಿದ ಮೇಲೆಯೇ.