ಕರುಳಿನ ಗೋಡೆ ದಾಟಿತೇ?

ಒಂಟಿಕೊಪ್ಪಲಿನ ನಮ್ಮನೆ ಅಜ್ಜಿ ಕಬ್ಬಿಣದ ಮಾತ್ರೆ ನುಂಗುತ್ತಿದ್ದುದು ಫಿಲ್ಟರ್ ಕಾಫಿ ಜೊತೆ. ಎರಡು ತಿಂಗಳಾದರೂ ಹಿಮೋಗ್ಲೋಬಿನ್ ಏರಲಿಲ್ಲ. ನುಂಗಿದ್ದೆಲ್ಲ ರಕ್ತ ಸೇರುವುದಿಲ್ಲ. ಕರುಳಿನ ಗೋಡೆ ದಾಟಬೇಕು. ಕಾಫಿಯ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ.

ಇದನ್ನೆಲ್ಲ ಹೊರಗೆ ಅಳೆಯುವುದು ಹೇಗೆ? ಇಲ್ಲೇ ನಡೆದುಹೋಗುವಷ್ಟು ದೂರದ ಸಿಎಫ್‌ಟಿಆರ್‌ಐನಲ್ಲಿ ಕಾಳುಧಾನ್ಯವನ್ನು ಪೆಪ್ಸಿನ್, ಪಿತ್ತರಸ ಹಾಕಿ ಗಾಜಿನ ಪಾತ್ರೆಯಲ್ಲೇ ‘ಜೀರ್ಣಿಸಿ’, ಡಯಾಲಿಸಿಸ್ ಚೀಲದೊಳಗೆ ಎಷ್ಟು ಕಬ್ಬಿಣ ಇಳಿಯಿತೆಂದು ನೋಡಿದರು. ಈರುಳ್ಳಿ, ಬೆಳ್ಳುಳ್ಳಿ ಸೇರಿದಾಗ ಹೆಚ್ಚು ಇಳಿಯಿತೆಂದು 2010ರಲ್ಲಿ ಪ್ರಕಟಿಸಿದರು. (ನಮ್ಮ ಹುಳಿ ಪರವಾಗಿಲ್ಲ!)

ಆದರೆ ಚೀಲಕ್ಕೆ ಜೀವವಿಲ್ಲ. ಔಷಧ ಪರೀಕ್ಷಿಸುವವರು ಕ್ಯಾಕೊ-2 ಎಂಬ, ಕರುಳಿನ ಕ್ಯಾನ್ಸರ್‌ನಿಂದ ಬಂದ ಜೀವಕೋಶಗಳನ್ನು ಸುಮಾರು 21 ದಿನ ಪರದೆಯ ಮೇಲೆ ಬೆಳೆಸುತ್ತಾರೆ. ಅವುಗಳಲ್ಲಿ ಔಷಧ ಒಡೆಯುವ ಸಿವೈಪಿ3ಎ4 ಕಿಣ್ವ ತೀರಾ ಕಡಿಮೆ. ಆ ಕೊರತೆಯ ಲೆಕ್ಕ ಹಾಕಲು ಕಂಪ್ಯೂಟರ್ ಮಾದರಿ ಬೇಕು. ಫಾರ್ಮಸಿ ಓದುವವರೇ, ಗಣಿತ ಬಿಡಬೇಡಿ.

ಅಜ್ಜಿಯ ಮಾತ್ರೆ ಈಗ ಹನ್ನೊಂದು ಗಂಟೆಗೆ, ನಿಂಬೆ ಪಾನಕದ ಜೊತೆ.