ಕಾಂಗ್ರೆಸ್ ಕಸವೂ ಹೂವಿನ ಕ್ರೀಮೂ

ಮಳೆಗಾಲ ಹಿಡಿದ ಕೆಲವೇ ವಾರಗಳಲ್ಲಿ ಬೈರಿದೇವರಕೊಪ್ಪದ ಖಾಲಿ ಸೈಟುಗಳಲ್ಲಿ, ಹುಬ್ಬಳ್ಳಿ–ಧಾರವಾಡ ರಸ್ತೆಯ ಬದಿಗೆ ಕಾಂಗ್ರೆಸ್ ಕಸ ಎದ್ದು ನಿಂತು ಬಿಳಿ ಹೂ ಬಿಡುತ್ತದೆ. ಕೈಯಿಂದ ಮುಟ್ಟದಿದ್ದರೂ ಕೆಲವರಿಗೆ ಕಣ್ಣರೆಪ್ಪೆ ಊದಿಕೊಳ್ಳುತ್ತದೆ. ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ ತುರಿಸುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರುತ್ತದೆ, ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗುತ್ತದೆ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಉಪದ್ರವಿ ಕಳೆ ಎಂದು ಘೋಷಿಸಿತು. 1984ರಲ್ಲಿ ಇದನ್ನು ತಿನ್ನಲೆಂದೇ ಮೆಕ್ಸಿಕೊ ಮೂಲದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಕಸ ಇನ್ನೂ ಹೋಗಿಲ್ಲ.

ಹೀಗೆ ತುರಿಕೆ ಎದ್ದವರು ‘ಹರ್ಬಲ್’, ‘ಸೂಕ್ಷ್ಮ ಚರ್ಮಕ್ಕೆ’ ಎಂದು ಬರೆದ ಕ್ರೀಮು ಹುಡುಕುವುದು ಸಹಜ. ಅದರಲ್ಲಿ ಕ್ಯಾಮೊಮೈಲ್, ಆರ್ನಿಕಾ, ಕ್ಯಾಲೆಂಡುಲಾ ಹೂಗಳ ಸಾರವಿದ್ದರೆ ಮಾತ್ರ ತಡೆದು ಯೋಚಿಸಬೇಕು. ಇವೂ ನಮ್ಮ ಸೇವಂತಿಗೆ, ಚೆಂಡುಹೂಗಳೂ ಕಾಂಗ್ರೆಸ್ ಕಸದ್ದೇ ಕುಟುಂಬ. ಈ ಕುಟುಂಬದ ಅನೇಕ ಗಿಡಗಳಲ್ಲಿ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ರಾಸಾಯನಿಕಗಳಿವೆ, ಪಾರ್ಥೆನಿನ್ ಅವುಗಳಲ್ಲೊಂದು. ಅವು ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗ ಕೆಲವರ ದೇಹದ ಟಿ-ಕೋಶಗಳು ಅದನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತವೆ. ಮುಂದೆ ಅದನ್ನೇ ಹೋಲುವ ಅಣು ಡಬ್ಬಿಯಿಂದ ಬಂದರೂ ಅದೇ ಉರಿ, ಅದೇ ಊತ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆದವರಿಗೆ ಕಾರಣ ಬೇಗ ಹೊಳೆಯುವುದಿಲ್ಲ, ಏಕೆಂದರೆ ತುರಿಕೆ ಏಳುವುದು ಹಚ್ಚಿದ ಕೂಡಲೇ ಅಲ್ಲ, ಒಂದೆರಡು ದಿನ ಕಳೆದ ಮೇಲೆ.

ಸಸ್ಯಸಾರವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಿಡದಿಂದ ಏನನ್ನು ತೆಗೆದರು, ಏನನ್ನು ಬಿಟ್ಟರು ಎಂಬುದೇ ಮುಖ್ಯ. ಇದೇ ಕುಟುಂಬದ ಫೀವರ್‌ಫ್ಯೂ ಗಿಡದ ಸಾರದಿಂದ ಅಲರ್ಜಿ ತರುವ ಪಾರ್ಥೆನೊಲೈಡನ್ನು ತೆಗೆದುಹಾಕಿ ಕ್ರೀಮಿಗೆ ಬಳಸುತ್ತಾರೆ. ಲೋಳೆಸರದ ತಿಳಿಯಾದ ಲೋಳೆ ಬೇರೆ, ಸಿಪ್ಪೆಯಡಿ ಒಸರುವ ಹಳದಿ ಹಾಲು ಬೇರೆ. ಆ ಹಾಲು ಚರ್ಮವನ್ನು ಕೆರಳಿಸುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯಬಹುದು. ಲೇಬಲ್ಲಿನ ‘ನೈಸರ್ಗಿಕ’ ಎಂಬ ಮಾತು ಇದಾವುದನ್ನೂ ತಿಳಿಸುವುದಿಲ್ಲ.

ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಬದಿಗೆ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ ಅಲ್ಲಿಗೇ ಬಿಡಿ. ಪ್ರತಿ ವರ್ಷ ಕಸ ಹೂಬಿಡುವಾಗ ಮುಖ-ಕುತ್ತಿಗೆ ತುರಿಸುವವರು ಚರ್ಮವೈದ್ಯರನ್ನು ಕಂಡು ಪ್ಯಾಚ್ ಟೆಸ್ಟ್ ಬಗ್ಗೆ ಕೇಳಬೇಕು. ಸಂಶಯದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಯ ನಂತರ ತೆಗೆದು ನೋಡುವ ಪರೀಕ್ಷೆ ಅದು. ಹೋಗುವಾಗ, ಮನೆಯಲ್ಲಿ ಹಚ್ಚಿಕೊಳ್ಳುತ್ತಿರುವ ಕ್ರೀಮು-ಎಣ್ಣೆಗಳನ್ನೆಲ್ಲ ಡಬ್ಬಿಸಮೇತ ಒಯ್ದು ತೋರಿಸಿ.