ದೇವದುರ್ಗದ ನೌಕರಿ: ಹೋಗಬೇಕೇ, ಬೇಡವೇ?



ನೌಕರಿ ಸಿಗಲಿಲ್ಲವೆಂಬ ಚಿಂತೆ ನಮ್ಮ ಮನೆಗಳಿಗೆ ಹೊಸದಲ್ಲ. ಅದರ ಆಸೆ ಬಿಟ್ಟು ತೋಟಕ್ಕೆ ಇಳಿದ ಮೇಲೆ ನೌಕರಿ ತಾನಾಗಿ ಬಂದರೆ ಹುಟ್ಟುವ ಚಿಂತೆಯೇ ಬೇರೆ. ಈಚೆಗೆ ನಮ್ಮ ಸದಸ್ಯರೊಬ್ಬರ ಮನೆಗೆ ಇಂಥದೇ ಪ್ರಶ್ನೆ ಬಂತು. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ.

ಅವರದು ಮೂರು ಎಕರೆ ಅಡಿಕೆ, ನಡುವೆ ಕಾಫಿ. ಯಜಮಾನರಿಗೆ ಮಂಡಿನೋವು. ಬಿ.ಎಸ್‌ಸಿ., ಬಿ.ಎಡ್. ಮಾಡಿದ ಮಗಳೇ ಮೂರು ವರ್ಷದಿಂದ ತೋಟ ನೋಡುತ್ತಿದ್ದಾಳೆ. ಹಿಂದೆಂದೋ ಬರೆದ ಶಿಕ್ಷಕರ ಪರೀಕ್ಷೆಯ ಹೆಚ್ಚುವರಿ ಪಟ್ಟಿಯಲ್ಲಿ ಅವಳ ಹೆಸರು ಬಂತು. ಉಳಿದಿದ್ದ ಜಾಗಗಳು ರಾಯಚೂರು ಜಿಲ್ಲೆಯ ದೇವದುರ್ಗ ಮತ್ತು ಮಾನ್ವಿ ತಾಲೂಕಿನವು. ತೀರ್ಮಾನಕ್ಕೆ ಇದ್ದದ್ದು ಹತ್ತೇ ದಿನ.

ಊರಿನಲ್ಲಿ ಎರಡು ಮಾತು. "ಅದು ಶಿಕ್ಷೆಗೆ ಕಳಿಸುವ ಜಾಗ, ಬೇಡ" ಎಂದು ಕೆಲವರು. "ಸರ್ಕಾರಿ ನೌಕರಿ ಯಾರಾದರೂ ಬಿಡುತ್ತಾರೆಯೇ? ಸೇರಿಕೊಂಡು ಆಮೇಲೆ ವರ್ಗ ಮಾಡಿಸಿಕೊಂಡರಾಯಿತು" ಎಂದು ಇನ್ನು ಕೆಲವರು. ಎರಡನ್ನೂ ಪರೀಕ್ಷಿಸದೆ ನಂಬುವಂತಿರಲಿಲ್ಲ.

ಮೊದಲು ವರ್ಗಾವಣೆಯ ಮಾತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಹುದ್ದೆಗಳಿಗೆ ಪ್ರತ್ಯೇಕ ಸ್ಥಳೀಯ ವೃಂದವಿದೆ. ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಅಲ್ಲಿಯವರಿಗೇ ಮೀಸಲು. ಮಿಕ್ಕವುಗಳಿಗೆ ನಮ್ಮ ಮಕ್ಕಳೂ ಆಯ್ಕೆಯಾಗಬಹುದು. ಆದರೆ ಸೇರಿದವರು ಆ ವೃಂದಕ್ಕೆ ಸೇರಿದರೆಂದೇ ಅರ್ಥ. ಅಲ್ಲಿಂದ ತವರು ಜಿಲ್ಲೆಗೆ ಬರುವುದು ಸುಲಭವಲ್ಲ. ವರ್ಗಾವಣೆಯ ಭರವಸೆಯ ಮೇಲೆ ಹೋಗುವವರು ಈ ಮಾತನ್ನು ಮೊದಲೇ ತಿಳಿದಿರಬೇಕು.

ಎರಡನೆಯದು ಪಿಂಚಣಿ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ನೌಕರಿಗೆ ಸೇರಿದವರಿಗಾಗಿ ಬಂದದ್ದು ಹೊಸ ಪಿಂಚಣಿ ಯೋಜನೆ. ಅದರಲ್ಲಿ ಸಂಬಳದಿಂದಲೇ ಕಂತು ಕಡಿತವಾಗುತ್ತದೆ. ನಮ್ಮ ಅಜ್ಜಂದಿರ ಕಾಲದ ಪಿಂಚಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಬಾರದು. ಆದರೂ ಅಡಿಕೆಯ ದರ ಏನೇ ಆಗಲಿ, ಕೊಳೆ ಬರಲಿ, ಎಲೆಚುಕ್ಕಿ ಬರಲಿ, ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಸಾಲವಿರುವ ಮನೆಗೆ ಇದು ಸಣ್ಣ ಮಾತಲ್ಲ.

ಮೂರನೆಯದು ಊರು. ನೋಡದೆ ಒಪ್ಪುವುದೂ ಬೇಡ, ನೋಡದೆ ಬಿಡುವುದೂ ಬೇಡವೆಂದು ತಂದೆ, ಮಗಳು, ನಾನು ಮೂವರೂ ಒಂದು ರಾತ್ರಿಯ ಬಸ್ಸಿನಲ್ಲಿ ಹೊರಟೆವು. ರಾಯಚೂರು ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡು. ಎರಡೂ ತಾಲೂಕು ಕೇಂದ್ರಗಳು ನಗರದಿಂದ ಸುಮಾರು 50 ಕಿ.ಮೀ. ದೂರ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ತಲುಪಿದಲ್ಲಿ ಹಸಿರು, ತಲುಪದಲ್ಲಿ ಮಳೆ ನಂಬಿದ ಹತ್ತಿ, ತೊಗರಿ. ಬಿಸಿಲು ನಮ್ಮಂಥವರಿಗೆ ಕಠಿಣವೇ. ಆದರೆ ಬಾಡಿಗೆ ಮನೆಯುಂಟು, ಬಸ್ಸುಂಟು, ಕರೆದು ರೊಟ್ಟಿ ಬಡಿಸುವ ಜನರುಂಟು. ಶಿಕ್ಷೆಯ ಜಾಗವೆಂಬ ಮಾತು ಅಲ್ಲಿಗೆ ಹೋಗದವರ ಮಾತು.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಇವೆರಡೂ ಇದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ಇದ್ದಾಗ ಈ ಜಿಲ್ಲೆಯದು ಸುಮಾರು ಶೇ. 60. ನೀರಿಲ್ಲದ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ, ಮಕ್ಕಳ ಶಾಲೆ ತಪ್ಪುತ್ತದೆ. ಉತ್ತರ ಕರ್ನಾಟಕದಿಂದ ನಮ್ಮ ತೋಟಗಳಿಗೂ ಕೂಲಿಗೆ ಬರುವವರಿದ್ದಾರಲ್ಲವೇ? ಅಂಥವರ ಮಕ್ಕಳು ಕೂರುವ ಶಾಲೆ ಅದು. ಅಲ್ಲಿಯ ಮುಖ್ಯೋಪಾಧ್ಯಾಯರು ಒಂದೇ ಮಾತು ಹೇಳಿದರು: "ಬರ್ರಿ ಮೇಡಂ, ಆದ್ರ ಎರಡು ವರ್ಷಕ್ಕ ಹೋಗೋರಾದ್ರ ಬ್ಯಾಡ್ರಿ. ಹುಡುಗ್ರಿಗೆ ರೂಢಿ ಆಗೋದ್ರಾಗ ಟೀಚರ್ ಬದಲಾಗ್ತಾರ." ಹಿಂತಿರುಗುವಾಗ ದಾರಿಯುದ್ದಕ್ಕೂ ಹುಡುಗಿ ಮಾತಾಡಲಿಲ್ಲ.

ಕೊನೆಯದಾಗಿ ತೋಟ. "ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬುದು ಹಿರಿಯರ ಮಾತು. ಆದ್ದರಿಂದ ವರ್ಷದ ಕೆಲಸವನ್ನೆಲ್ಲ ಕಾಗದದ ಮೇಲೆ ಬರೆದು, ಪ್ರತಿಯೊಂದರ ಎದುರು ಮಾಡುವವರ ಹೆಸರು ಬರೆಯಿರಿ ಎಂದೆ. ಮೇ ತಿಂಗಳ ಬೋರ್ಡೋ ಸಿಂಪಡಣೆಗೆ ಬೇಸಿಗೆ ರಜೆಯಲ್ಲಿ ಮಗಳು ಬರಬಲ್ಲಳು. 40-45 ದಿನದ ನಂತರದ ಎರಡನೇ ಸಲದ್ದಕ್ಕೆ ಹೆಸರಿರಲಿಲ್ಲ. ಕಾಫಿ ಕೊಯ್ಲಿನ ಮೇಲ್ವಿಚಾರಣೆಗೂ ಇರಲಿಲ್ಲ. ಆ ಎರಡು ಖಾಲಿ ಜಾಗಗಳೇ ನಿಜವಾದ ಪ್ರಶ್ನೆ. ಅವು ತುಂಬದೆ ಹೋದರೆ, ಸಂಬಳದಲ್ಲಿ ಬಂದದ್ದು ತೋಟದಲ್ಲಿ ಹೋಗುತ್ತದೆ.

ಮನೆಯವರು ಮೂರು ದಿನ ಕೂತು ಮಾತಾಡಿದರು. ಅಡಿಕೆ ಫಸಲನ್ನು ಚೇಣಿಗೆ ಕೊಡುವುದು. ಕೊನೆ ತೆಗೆಯುವುದು, ಸುಲಿದು ಬೇಯಿಸುವುದು ಚೇಣಿದಾರರ ಪಾಲಿಗೆ. ಕೈಗೆ ಬರುವ ಹಣ ಕಡಿಮೆಯಾಗುತ್ತದೆ, ಆದರೆ ಯಜಮಾನರ ಮಂಡಿ ಉಳಿಯುತ್ತದೆ. ಕಾಫಿ ಕೊಯ್ಲಿಗೆ ನೆರೆಮನೆಯವರೊಡನೆ ಮುಯ್ಯಾಳು. ಎರಡನೇ ಮದ್ದು ಮಾತ್ರ ಉಳಿಯಿತು. ಅದನ್ನು ಸಂಘದ ಮೂಲಕ ಮಾಡಿಸಲು ನಾನು ಒಪ್ಪಿದೆ. ಮಗಳು ದೇವದುರ್ಗವನ್ನು ಆರಿಸಿಕೊಂಡಳು. ವರ್ಗಾವಣೆಯ ಮಾತು ಎತ್ತುವುದಿಲ್ಲ, ಐದು ವರ್ಷವಾದರೂ ಅದೇ ಶಾಲೆಯಲ್ಲಿ ಇರುತ್ತೇನೆ ಎಂಬುದು ಅವಳೇ ಹಾಕಿಕೊಂಡ ಕರಾರು.

ಎಲ್ಲರೂ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಕಾಗದದಲ್ಲಿ ಖಾಲಿ ಜಾಗ ಉಳಿದರೆ ಆದೇಶವನ್ನು ನಮಸ್ಕಾರ ಮಾಡಿ ಹಿಂತಿರುಗಿಸುವುದರಲ್ಲಿ ಅವಮಾನವಿಲ್ಲ. ಹೆದರಿಕೆಯಿಂದ ಬಿಡುವುದು, ಸೇರಿದ ದಿನದಿಂದಲೇ ಹಿಂತಿರುಗುವ ದಾರಿ ನೋಡುವುದು, ಇವೆರಡೂ ಬೇಡ.

ಆಳಿನ ಕೊರತೆಯಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಸಿಂಪಡಣೆಗೆ ಸಂಘದಿಂದಲೇ ಒಂದು ತಂಡ ಕಟ್ಟುವ ವಿಷಯವನ್ನು ಮುಂದಿನ ಸಭೆಗೆ ಇಡುತ್ತಿದ್ದೇನೆ. ಬೇಕಾದವರು ಮಳೆಗಾಲಕ್ಕೆ ಮುಂಚೆ ಕಚೇರಿಯಲ್ಲಿ ಹೆಸರು ಬರೆಸಿರಿ.

— ಕಾರ್ಯದರ್ಶಿ